ದುಡ್ಡಿನ ಚಿಂತೆಯೇ ಇಲ್ಲ ಅಂದರೆ ಬುಧವಾರ ಏನು ಮಾಡುತ್ತೀರಿ?

ಓಣಂ ಹತ್ತಿರ ಬಂತೆಂದರೆ ಕೇರಳ ಗಡಿಯ ತಲಪಾಡಿ ದಾಟಿದ ಕೂಡಲೇ ಸಿಗುವ ಲಾಟರಿ ಅಂಗಡಿಗಳ ಮುಂದೆ ಮಂಗಳೂರು ಕಡೆಯವರೂ ನಿಲ್ಲುತ್ತಾರೆ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ಬಂದ್ ಆಯಿತು. ಕೇರಳದಲ್ಲಿ ಸರ್ಕಾರವೇ ಅದನ್ನು ನಡೆಸುತ್ತದೆ. ತಿರುವೋಣಂ ಬಂಪರ್ ಟಿಕೆಟ್‌ಗೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. 2024ರಲ್ಲಿ ಆ ಬಹುಮಾನ ಕರ್ನಾಟಕದವರಿಗೇ ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಒಂದು ಮಾತು ಏಳುತ್ತದೆ: “ನಂಗೆ ಬಂದಿದ್ರೆ ನಾಳೆಯಿಂದ ಕೆಲಸಕ್ಕೆ ಹೋಗ್ತಾನೇ ಇರ್ಲಿಲ್ಲ ಮಾರಾಯ!” “ಮತ್ತೆ ಎಂತ ಮಾಡ್ತಿದ್ದಿ?” ಅಂತ ಪಕ್ಕದವರು ಕೇಳಿದರೆ ಉತ್ತರ ದೊಡ್ಡ ಮನೆ, ಕಾರು, ದುಬೈ ಟೂರು ಅನ್ನುವಲ್ಲಿಗೆ ನಿಲ್ಲುತ್ತದೆ. ಟೂರು ಮುಗಿಸಿ ಬಂದ ಮರುವಾರದ ಬಗ್ಗೆ ಯಾರೂ ಯೋಚಿಸಿರುವುದಿಲ್ಲ.

ಲಾಟರಿ ಹೊಡೆಯದವರಿಗೂ ಈ ಪ್ರಶ್ನೆ ಈಗ ಹತ್ತಿರ ಬಂದಿದೆ. ನಲವತ್ತು, ನಲವತ್ತೈದಕ್ಕೆ ಕೆಲಸ ಬಿಡುವುದು ಹೇಗೆ ಅಂತ ಹೇಳುವ ವಿಡಿಯೋಗಳು ಮೊಬೈಲ್ ತುಂಬ ಇವೆ. ಗಲ್ಫ್‌ನಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಊರಿಗೆ ಬಂದು ಮನೆ ಕಟ್ಟಿದವರು, ಬ್ಯಾಂಕಿನಲ್ಲಿ ವಿಆರ್‌ಎಸ್ ತಗೊಂಡವರು, ಮಕ್ಕಳು ವಿದೇಶದಲ್ಲಿ ನೆಲೆಸಿರುವ ಅಪ್ಪ-ಅಮ್ಮಂದಿರು ಕರಾವಳಿಯಲ್ಲಿ ಊರಿಗೆ ಹತ್ತು ಮನೆ ಸಿಗುತ್ತಾರೆ. ದುಡ್ಡಿನ ಚಿಂತೆ ಮುಗಿದ ಮೇಲೆ ಬದುಕನ್ನು ಹೇಗೆ ಕಳೆಯುವುದು ಅನ್ನುವುದು ಇವರಿಗೆಲ್ಲ ಸುಮ್ನೆ ಕಾಲಹರಣದ ಮಾತಲ್ಲ.

ಇದು ಒಂದು ಪ್ರಶ್ನೆಯಂತೆ ಕೇಳಿಸಿದರೂ ಒಳಗೆ ಮೂರು ಇವೆ. ಎಷ್ಟು ದುಡ್ಡು ಇದ್ದರೆ ಚಿಂತೆ ಇಲ್ಲ? ದುಡ್ಡು ಬಂದರೆ ಸಮಯವೂ ಕೈಗೆ ಬರುತ್ತದಾ? ಬಂದ ಸಮಯವನ್ನು ಯಾವುದರಿಂದ ತುಂಬುವುದು? ಮೊದಲನೆಯದಕ್ಕೆ ಲೆಕ್ಕದಲ್ಲಿ ಉತ್ತರ ಇದೆ. ಉಳಿದ ಎರಡನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಕಷ್ಟ ಇರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ.

ಚಿಂತೆ ಇಲ್ಲ ಅನ್ನುವುದರಲ್ಲೂ ಮೆಟ್ಟಿಲುಗಳಿವೆ

ಮೊದಲ ಮೆಟ್ಟಿಲು: ತಿಂಗಳ ಕೊನೆಗೆ ಸಾಲ ಮಾಡಬೇಕಾಗಿಲ್ಲ. ಅಕ್ಕಿ, ಗ್ಯಾಸ್, ಕರೆಂಟ್ ಬಿಲ್, ಮಕ್ಕಳ ಫೀಸು ಎಲ್ಲ ಬಂದ ಸಂಬಳದಲ್ಲೇ ನಡೆಯುತ್ತದೆ.

ಎರಡನೆಯದು: ಅಚಾನಕ್ ಏನಾದರೂ ಆದರೆ ಮನೆ ಅಲುಗಾಡುವುದಿಲ್ಲ. ಅಪ್ಪನಿಗೆ ಆಪರೇಷನ್ ಆದರೂ, ಆರು ತಿಂಗಳು ಕೆಲಸ ಹೋದರೂ ಚಿನ್ನ ಅಡವಿಡಬೇಕಾಗುವುದಿಲ್ಲ.

ಮೂರನೆಯದು: ಇನ್ನು ಜೀವನಪೂರ್ತಿ ದುಡಿಯದಿದ್ದರೂ ನಡೆಯುತ್ತದೆ. ವಿಡಿಯೋಗಳಲ್ಲಿ ಹೇಳುವುದು, ಲಾಟರಿ ಕನಸಿನಲ್ಲಿ ಬರುವುದು ಇದು.

ನಾವು ಮಾತಾಡುವುದೆಲ್ಲ ಮೂರನೆಯದರ ಬಗ್ಗೆ. ಆದರೆ ರಾತ್ರಿ ನಿದ್ದೆ ಕೆಡಿಸುವ ಚಿಂತೆ ಜಾಸ್ತಿ ಇರುವುದು ಮೊದಲ ಎರಡರಲ್ಲಿ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸಿಗೆ ಎರಡನೇ ಮೆಟ್ಟಿಲು ಸಿಕ್ಕಿದರೆ ಬದುಕೇ ಬೇರೆ ಆಗುತ್ತದೆ. ನಮ್ಮ ಕರಾವಳಿಯ ಬ್ಯಾಂಕುಗಳಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಅವಿಭಜಿತ ದಕ್ಷಿಣ ಕನ್ನಡದಲ್ಲಿ 1906ರಿಂದ 1931ರ ನಡುವೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಅಂತ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ ಮೂರೇ ವರ್ಷಕ್ಕೆ, 1928ರಲ್ಲಿ, ಪಿಗ್ಮಿ ಯೋಜನೆ ತಂದಿತು. ಏಜೆಂಟ್ ದಿನಾ ಅಂಗಡಿ ಬಾಗಿಲಿಗೆ, ಮನೆ ಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಎರಡಾಣೆಯಿಂದ ಯಾರೂ ಶ್ರೀಮಂತರಾಗಲಿಲ್ಲ. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಬಡ್ಡಿಯವನ ಹತ್ತಿರ ಹೋಗುವುದು ತಪ್ಪುತ್ತಿತ್ತು. ಅಷ್ಟೇ ಅದರ ಕೆಲಸ. ಅದು ಸಣ್ಣ ಕೆಲಸ ಅಲ್ಲ.

ಎಷ್ಟಿದ್ದರೆ ಸಾಕು?

ಈಗ ಮೂರನೇ ಮೆಟ್ಟಿಲಿನ ಲೆಕ್ಕ. ಅಡಿಕೆ ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಫಸಲು ಮಾರಿ ತಿನ್ನಬಹುದು, ಮರ ಕಡಿದು ತಿನ್ನಬಾರದು. ಬಂದ ಫಸಲಿನಲ್ಲೂ ಒಂದು ಭಾಗ ಗೊಬ್ಬರಕ್ಕೆ, ಮದ್ದಿಗೆ, ಸತ್ತ ಮರದ ಜಾಗಕ್ಕೆ ಹೊಸ ಸಸಿ ಇಡುವುದಕ್ಕೆ ವಾಪಸ್ ಹೋಗಬೇಕು. ಕೂಡಿಟ್ಟ ದುಡ್ಡು, ಅಂದರೆ ಇಡುಗಂಟು, ನಡೆಯುವುದೂ ಹೀಗೇ. ವರ್ಷಕ್ಕೆ ಅದರಿಂದ ಎಷ್ಟು ತೆಗೆದರೆ ಗಂಟು ಕರಗುವುದಿಲ್ಲ ಅನ್ನುವುದೇ ಪ್ರಶ್ನೆ.

ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಅಲ್ಲಿನ ಷೇರು ಮತ್ತು ಬಾಂಡ್‌ಗಳ ಹಳೇ ದಾಖಲೆ ಇಟ್ಟುಕೊಂಡು, ನಿವೃತ್ತರಾದವರು ಮೊದಲ ವರ್ಷ ಗಂಟಿನ ಶೇ. 4ರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವನ್ನು ಏರಿಸುತ್ತಾ ಹೋದರೆ ಏನಾಗುತ್ತದೆ ಅಂತ ನೋಡಿದರು. ಕೆಟ್ಟ ಕಾಲದಲ್ಲಿ ಶುರು ಮಾಡಿದವರಿಗೂ ದುಡ್ಡು 30 ವರ್ಷ ಬಾಳುತ್ತಿತ್ತು. ಶೇ. 4 ಅಂದರೆ ವರ್ಷದ ಖರ್ಚಿನ 25 ಪಟ್ಟು. ಬೇಗ ನಿವೃತ್ತಿಯ ವಿಡಿಯೋಗಳಲ್ಲಿ ಕೇಳುವ 25ರ ಲೆಕ್ಕ ಬಂದದ್ದು ಇಲ್ಲಿಂದ.

ಒಂದು ಉದಾಹರಣೆ ತಗೊಳ್ಳೋಣ. ಉಡುಪಿ ಹತ್ತಿರ ಸ್ವಂತ ಮನೆ ಇದೆ, ಬಾವಿ ಇದೆ, ನಾಲ್ಕು ತೆಂಗಿನ ಮರ ಇದೆ, ಸಾಲ ಇಲ್ಲ. ಗಂಡ-ಹೆಂಡತಿಗೆ ತಿಂಗಳಿಗೆ 40 ಸಾವಿರ ಖರ್ಚು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 4.8 ಲಕ್ಷ. 25 ಪಟ್ಟು ಅಂದರೆ 1.2 ಕೋಟಿ.

ಆದರೆ ಅದು ಅಮೆರಿಕದ ಲೆಕ್ಕ, ಅದೂ 30 ವರ್ಷಕ್ಕೆ. ನಮ್ಮಲ್ಲಿ ಬೆಲೆ ಏರುವ ವೇಗ ಜಾಸ್ತಿ. 45ಕ್ಕೆ ಕೆಲಸ ಬಿಟ್ಟವರು 85ರವರೆಗೆ ಬದುಕಿದರೆ ದುಡ್ಡು 40 ವರ್ಷ ಬರಬೇಕು. ಅದಕ್ಕೇ ಇಲ್ಲಿ ಶೇ. 3ರ ಆಸುಪಾಸಿನಲ್ಲಿ ಲೆಕ್ಕ ಹಾಕುವುದು ಜಾಣತನ. ಆಗ ಸುಮಾರು 33 ಪಟ್ಟು ಬೇಕು. ಅದೇ 40 ಸಾವಿರದ ಮನೆಗೆ ಸುಮಾರು 1.6 ಕೋಟಿ. ಬಾಡಿಗೆ ಮನೆಯಾದರೆ ಬಾಡಿಗೆಯನ್ನೂ ಸೇರಿಸಿ ಗುಣಿಸಬೇಕು. ಮಕ್ಕಳ ಓದು, ಮದುವೆ, ಆಸ್ಪತ್ರೆ ಖರ್ಚು ಇದರ ಹೊರಗೆ.

ಬೆಲೆಯೇರಿಕೆ ಎಲ್ಲಿ ಕೈ ಕೊಡುತ್ತದೆ?

ಕರಾವಳಿಯಲ್ಲಿ ಎಫ್‌ಡಿ ಮೇಲೆ ನಂಬಿಕೆ ಜಾಸ್ತಿ. ಬ್ಯಾಂಕಿನ ಊರಲ್ಲಿ ಬೆಳೆದವರಿಗೆ ಅದು ಸಹಜ. ಆದರೆ ಬಡ್ಡಿ ಪೂರ್ತಿ ತಿನ್ನುವವರು ಒಂದು ವಿಷಯ ತಿಳಿದಿರಬೇಕು.

1.2 ಕೋಟಿ ಎಫ್‌ಡಿಗೆ ಶೇ. 7ರ ಬಡ್ಡಿ ಸಿಕ್ಕಿತು ಅನ್ನೋಣ. ವರ್ಷಕ್ಕೆ 8.4 ಲಕ್ಷ, ತಿಂಗಳಿಗೆ 70 ಸಾವಿರ. ಪರವಾಗಿಲ್ಲ, ಧಾರಾಳ ಆಯಿತು ಅನಿಸುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ಎಲ್ಲವೂ ದುಪ್ಪಟ್ಟು. (72ನ್ನು ಏರಿಕೆಯ ದರದಿಂದ ಭಾಗಿಸಿದರೆ ದುಪ್ಪಟ್ಟಾಗುವ ವರ್ಷ ಸಿಗುತ್ತದೆ. ಬಾಯಿಲೆಕ್ಕಕ್ಕೆ ಇದು ಸಾಕು.) ಬಡ್ಡಿ ಮಾತ್ರ ಆಗಲೂ 70 ಸಾವಿರವೇ. ಅದರಿಂದ ಬರುವುದು ಇವತ್ತಿನ 35 ಸಾವಿರದ ಸಾಮಾನು. 24 ವರ್ಷ ಕಳೆದರೆ 17,500 ರೂಪಾಯಿಯದ್ದು. ಗಂಟು ಅಷ್ಟೇ ಇದೆ, ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ಕಮ್ಮಿ ಆಗಿಲ್ಲ. ಆದರೂ ಮನೆ ಬಡವಾಗಿದೆ. ಅದಕ್ಕೇ ಬಡ್ಡಿಯ ಒಂದು ಪಾಲನ್ನು ವರ್ಷ ವರ್ಷ ಗಂಟಿಗೆ ವಾಪಸ್ ಸೇರಿಸಬೇಕು, ಇಲ್ಲವೇ ಬೆಲೆಯ ಜೊತೆ ಬೆಳೆಯುವ ಕಡೆ ಒಂದಿಷ್ಟು ಇಡಬೇಕು. ರಿಸರ್ವ್ ಬ್ಯಾಂಕಿನ ಗುರಿಯೇ ಬೆಲೆಯೇರಿಕೆಯನ್ನು ಶೇ. 4ರ ಹತ್ತಿರ, ಶೇ. 2ರಿಂದ 6ರ ಒಳಗೆ ಹಿಡಿದಿಡುವುದು. ಅಂದರೆ ಬೆಲೆ ಏರುವುದೇ ಇಲ್ಲ ಅನ್ನುವ ಕಾಲ ಯಾರ ಲೆಕ್ಕದಲ್ಲೂ ಇಲ್ಲ.

ಇನ್ನೊಂದು: ಒಂದು ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಲ್ಲಿ ಒಬ್ಬರಿಗೆ ಸಿಗುವುದು 5 ಲಕ್ಷದವರೆಗೆ ಮಾತ್ರ. 2020ರಿಂದ ಇರುವ ಮಿತಿ ಇದು. ಎಲ್ಲವನ್ನೂ ಒಂದೇ ಕಡೆ ಇಡುವವರು ಇದನ್ನು ಮರೆಯಬಾರದು.

ಇದೇ ಲೆಕ್ಕವನ್ನು 25 ಕೋಟಿಗೂ ಹಾಕಬಹುದು. ಏಜೆಂಟ್ ಕಮಿಷನ್ ಹೋಗುತ್ತದೆ, ಶೇ. 30 ತೆರಿಗೆ, ಅದರ ಮೇಲೆ ಸರ್ಚಾರ್ಜ್ ಮತ್ತು ಸೆಸ್ ಹೋಗುತ್ತದೆ. ಕೈಗೆ ಉಳಿಯುವುದು ಹೆಚ್ಚು ಕಮ್ಮಿ ಅರ್ಧ. 12.5 ಕೋಟಿಯ ಶೇ. 3 ಅಂದರೆ ವರ್ಷಕ್ಕೆ 37.5 ಲಕ್ಷ, ತಿಂಗಳಿಗೆ ಮೂರು ಲಕ್ಷ ಚಿಲ್ಲರೆ. ಒಳ್ಳೆಯ ಮೊತ್ತವೇ. ಆದರೆ 25 ಕೋಟಿ ಅಂದಾಗ ಕಣ್ಣ ಮುಂದೆ ಬರುವ ಬದುಕು ಇದಲ್ಲ, ಅಲ್ವಾ?

ದುಡ್ಡು ಬಂದವರು ನಿಜವಾಗಿ ಏನು ಮಾಡಿದರು?

ಇದನ್ನು ಊಹಿಸಬೇಕಾಗಿಲ್ಲ. ಹಲವು ಕಡೆ ಪರೀಕ್ಷೆ ಮಾಡಿ ನೋಡಿದ್ದಾರೆ.

ಸ್ವೀಡನ್‌ನಲ್ಲಿ ಲಾಟರಿ ಗೆದ್ದವರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರಿಗೆ ಕಂಡದ್ದು ಇದು: ಹೆಚ್ಚಿನವರು ಕೆಲಸ ಬಿಡಲಿಲ್ಲ. ದುಡಿಮೆಯನ್ನು ಸ್ವಲ್ಪ ತಗ್ಗಿಸಿದರು, ಅಷ್ಟೇ. ದೊಡ್ಡ ಮೊತ್ತ ಗೆದ್ದವರಿಗೆ ಬದುಕಿನ ಬಗ್ಗೆ ಇದ್ದ ತೃಪ್ತಿ ಏರಿತು, ಹತ್ತು ವರ್ಷ ದಾಟಿದರೂ ಅದು ಇಳಿದಿರಲಿಲ್ಲ.

ಇದಕ್ಕೂ ಮೊದಲು, 1978ರಲ್ಲಿ, ಅಮೆರಿಕದ ಇಲಿನಾಯ್‌ನಲ್ಲಿ ಲಾಟರಿ ಗೆದ್ದ 22 ಮಂದಿಯನ್ನು ಮಾತಾಡಿಸಿದ ಅಧ್ಯಯನ ತುಂಬ ಹೆಸರು ಮಾಡಿತ್ತು. ಗೆದ್ದವರು ಅಕ್ಕಪಕ್ಕದವರಿಗಿಂತ ಹೆಚ್ಚೇನೂ ಖುಷಿಯಾಗಿರಲಿಲ್ಲ. ಸ್ನೇಹಿತರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ಜೋಕು ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುವ ಸಂತೋಷ ಕಮ್ಮಿ ಇತ್ತು. ದುಡ್ಡಿನಿಂದ ಸುಖ ಇಲ್ಲ ಅನ್ನುವವರು ಇಂದಿಗೂ ಇದನ್ನೇ ತೋರಿಸುತ್ತಾರೆ. ಆದರೆ 22 ಮಂದಿ ತೀರಾ ಸಣ್ಣ ಗುಂಪು. ಸ್ವೀಡನ್‌ನ ಲೆಕ್ಕ ಎಷ್ಟೋ ದೊಡ್ಡದು, ನಾನು ಅದನ್ನೇ ಹೆಚ್ಚು ನಂಬುತ್ತೇನೆ. ಎರಡನ್ನೂ ಸೇರಿಸಿ ಹೇಳುವುದಾದರೆ, ಒಟ್ಟು ಬದುಕಿನ ಬಗ್ಗೆ ನಿರಾಳ ಸಿಗುತ್ತದೆ, ಹೊಸ ಸೌಕರ್ಯದ ಹುರುಪು ಮಾತ್ರ ಬೇಗ ರೂಢಿಯಾಗಿ ಹೋಗುತ್ತದೆ. ಹೊಸ ಎಸಿ ಹಾಕಿಸಿದ ಮೊದಲ ಏಪ್ರಿಲ್ ಸ್ವರ್ಗ. ಮೂರನೇ ಏಪ್ರಿಲ್‌ನಲ್ಲಿ ಅದು ಗೋಡೆಯ ಮೇಲಿನ ಒಂದು ಪೆಟ್ಟಿಗೆ.

ಸಂಬಳ ಮತ್ತು ಖುಷಿಯ ಸಂಬಂಧದ ಬಗ್ಗೆಯೂ ಜಗಳ ಇತ್ತು. ವರ್ಷಕ್ಕೆ 75 ಸಾವಿರ ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಏರುವುದಿಲ್ಲ ಅಂತ ಸಂಶೋಧಕರಾದ ಡೇನಿಯಲ್ ಕಾನೆಮನ್ ಮತ್ತು ಆ್ಯಂಗಸ್ ಡೀಟನ್ 2010ರಲ್ಲಿ ಹೇಳಿದ್ದರು. ಹಾಗೇನಿಲ್ಲ, ಏರುತ್ತಲೇ ಹೋಗುತ್ತದೆ ಅಂತ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ 2021ರಲ್ಲಿ ತೋರಿಸಿದರು. 2023ರಲ್ಲಿ ಕಾನೆಮನ್ ಮತ್ತು ಕಿಲಿಂಗ್ಸ್‌ವರ್ತ್ ಒಟ್ಟಿಗೆ ಕೂತು ಲೆಕ್ಕ ನೋಡಿದರು. ಹೆಚ್ಚಿನವರಿಗೆ ಖುಷಿ ಏರುತ್ತದೆ. ಮೊದಲೇ ತುಂಬ ನೊಂದಿರುವ ಒಂದು ಸಣ್ಣ ಭಾಗಕ್ಕೆ ಮಾತ್ರ ಒಂದು ಹಂತದ ಮೇಲೆ ದುಡ್ಡು ಸಹಾಯ ಮಾಡುವುದಿಲ್ಲ. ಅವರ ನೋವು ದುಡ್ಡಿನಿಂದ ಹೋಗುವಂಥದ್ದಲ್ಲ.

ನಮಗೆ ಹತ್ತಿರದ ಉದಾಹರಣೆ ಮಧ್ಯಪ್ರದೇಶದ್ದು. ‘ಸೇವಾ’ (SEWA) ಅನ್ನುವ ಮಹಿಳಾ ಸಂಘಟನೆ ಯುನಿಸೆಫ್ ಬೆಂಬಲದೊಂದಿಗೆ 2011ರ ಹೊತ್ತಿಗೆ ಕೆಲವು ಹಳ್ಳಿಗಳಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟಿತು. ದೊಡ್ಡವರಿಗೆ ಮೊದಲು 200, ಆಮೇಲೆ 300 ರೂಪಾಯಿ. ಮಕ್ಕಳಿಗೆ ಅದರ ಅರ್ಧ. ಹೇಗೆ ಖರ್ಚು ಮಾಡಬೇಕು ಅಂತ ಷರತ್ತಿಲ್ಲ. ಪುಕ್ಕಟೆ ದುಡ್ಡು ಬಂದರೆ ಜನ ಸೋಮಾರಿ ಆಗುತ್ತಾರೆ ಅನ್ನುವವರಿಗೆ ಅಲ್ಲಿ ಬೇರೆಯೇ ಕಂಡಿತು. ಜನ ಕೂಲಿ ಕಮ್ಮಿ ಮಾಡಿ ಸ್ವಂತ ಜಮೀನಿನಲ್ಲಿ ಜಾಸ್ತಿ ದುಡಿದರು. ಸಣ್ಣ ವ್ಯಾಪಾರ ಶುರು ಮಾಡಿದರು. ಮಕ್ಕಳ ಊಟ ಸುಧಾರಿಸಿತು. ಫಿನ್ಲೆಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಾಗಲೂ ಯಾರೂ ಕೆಲಸದಿಂದ ದೂರ ಓಡಲಿಲ್ಲ. ದುಡಿದ ದಿನಗಳು ತುಸು ಹೆಚ್ಚೇ ಆದವು, ಮನಸ್ಸಿನ ಒತ್ತಡ ಇಳಿಯಿತು. ನಮ್ಮ ಗೃಹಲಕ್ಷ್ಮಿಯ 2,000 ರೂಪಾಯಿಯೂ 2023ರ ಆಗಸ್ಟ್‌ನಿಂದ ಹೀಗೆಯೇ, ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಷರತ್ತಿಲ್ಲದೆ, ಮನೆಯೊಡತಿಯ ಖಾತೆಗೆ ಬರುತ್ತಿದೆ.

ಅಂದರೆ ಚಿಂತೆ ಕಮ್ಮಿಯಾದವರು ಕೈಕಟ್ಟಿ ಕೂರುವುದಿಲ್ಲ. ತಮಗೆ ಬೇಕಾದ ಕೆಲಸದ ಕಡೆ ಸರಿಯುತ್ತಾರೆ.

ಕೆಲಸ ಕೊಡುವುದು ಸಂಬಳ ಮಾತ್ರ ಅಲ್ಲ

ಕೆಲಸವೇ ಇಲ್ಲದೆ, ಪೂರ್ತಿ ಖಾಲಿ ಸಮಯ ಬಂದರೆ? ಇದಕ್ಕೆ ಉತ್ತರ ಬೇಕಾದರೆ ಆಸ್ಟ್ರಿಯಾದ ಮಾರಿಯೆಂಟಾಲ್ ಅನ್ನುವ ಹಳ್ಳಿಗೆ ಹೋಗಬೇಕು. ವಿಯೆನ್ನಾ ಹತ್ತಿರದ ಈ ಊರು ಒಂದು ಬಟ್ಟೆ ಮಿಲ್ಲನ್ನು ನಂಬಿಕೊಂಡಿತ್ತು. 1929-30ರ ಸುಮಾರಿಗೆ ಮಿಲ್ ಮುಚ್ಚಿತು. ಊರಿಗೆ ಊರೇ ನಿರುದ್ಯೋಗಿ. ಮಾರಿ ಯಹೋದಾ, ಪಾಲ್ ಲಜಾರ್ಸ್‌ಫೆಲ್ಡ್, ಹ್ಯಾನ್ಸ್ ಜೈಸೆಲ್ ಅನ್ನುವ ಸಂಶೋಧಕರು ತಂಡ ಕಟ್ಟಿಕೊಂಡು ಅಲ್ಲಿ ಹೋಗಿ ನೋಡಿದರು. 1933ರಲ್ಲಿ ವರದಿ ಬಂತು.

ದಿನವಿಡೀ ಪುರುಸೊತ್ತು ಇದ್ದವರು ಜಾಸ್ತಿ ಓದಬೇಕಿತ್ತಲ್ಲ? ಊರಿನ ಲೈಬ್ರರಿಯಿಂದ ಪುಸ್ತಕ ತಗೊಂಡು ಹೋಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ರಸ್ತೆಯಲ್ಲಿ ನಡೆಯುವ ವೇಗವೇ ಕುಗ್ಗಿತ್ತು. ಸಂಶೋಧಕರು ಕಿಟಕಿಯ ಮರೆಯಲ್ಲಿ ಕೂತು ಅದನ್ನು ಅಳೆದಿದ್ದರು. ಗಂಡಸರು ನಡು ನಡುವೆ ನಿಲ್ಲುತ್ತಿದ್ದರು. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿರಲಿಲ್ಲ, ಕೈಗೆ ವಾಚು ಕಟ್ಟುವುದನ್ನೂ ಎಷ್ಟೋ ಜನ ಬಿಟ್ಟಿದ್ದರು. ಬೆಳಿಗ್ಗೆಯಿಂದ ಏನು ಮಾಡಿದಿರಿ ಅಂತ ಕೇಳಿದರೆ ಹೇಳಲು ಅವರಿಗೆ ಏನೂ ನೆನಪಿಗೆ ಬರುತ್ತಿರಲಿಲ್ಲ. ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು. ಅವರ ಮನೆಗೆಲಸಕ್ಕೆ ಮಿಲ್ ಮುಚ್ಚಿದ್ದರಿಂದ ರಜೆ ಸಿಕ್ಕಿರಲಿಲ್ಲ.

ಅಲ್ಲಿ ಬಡತನವೂ ಇತ್ತು, ಹಸಿವೂ ಇತ್ತು. ಹಾಗಾಗಿ ಮಾರಿಯೆಂಟಾಲನ್ನು ಕೋಟಿ ಇಟ್ಟುಕೊಂಡು ನಿವೃತ್ತರಾದವರ ಜೊತೆ ನೇರ ಹೋಲಿಸುವುದು ಸರಿಯಲ್ಲ. ಆದರೆ ಯಹೋದಾ ಮುಂದೆ ಹಲವು ವರ್ಷ ಯೋಚಿಸಿ ಹೇಳಿದ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಕೆಲಸ ನಮಗೆ ಸಂಬಳದ ಜೊತೆ ಐದು ಸಂಗತಿ ಕೊಡುತ್ತದೆ ಅಂದರು ಅವರು. ದಿನಕ್ಕೊಂದು ಹೊತ್ತು-ಗೊತ್ತು. ಮನೆಯವರಲ್ಲದ ಜನರ ಒಡನಾಟ. ಒಬ್ಬರಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡುವ ಉದ್ದೇಶ. ಊರಲ್ಲಿ ಒಂದು ಗುರುತು. ಮತ್ತೆ, ಕೈಕಾಲು ಆಡಿಸಲೇಬೇಕಾದ ಒಂದು ಒತ್ತಾಯ.

ಸಂಬಳಕ್ಕೆ ಬದಲಿ ಸಿಕ್ಕಿತು ಅಂತ ಕೆಲಸ ಬಿಟ್ಟವರು ಈ ಐದಕ್ಕೆ ಬದಲಿ ಹುಡುಕಿಕೊಂಡಿರುವುದಿಲ್ಲ. ಬ್ಯಾಂಕ್ ಮ್ಯಾನೇಜರ್ ಆಗಿದ್ದವರು ನಿವೃತ್ತಿಯಾದ ಎರಡನೇ ತಿಂಗಳಿಗೆ ದಿನಕ್ಕೆ ಮೂರು ಸಲ ಪೇಟೆಗೆ ಹೋಗುತ್ತಾರೆ ಅಂತ ಮನೆಯವರು ಹೇಳುವುದನ್ನು ನೀವೂ ಕೇಳಿರಬಹುದು. ಒಮ್ಮೆ ಹಾಲಿಗೆ, ಒಮ್ಮೆ ಪೇಪರಿಗೆ, ಒಮ್ಮೆ ಮೀನಿಗೆ. ಅವರಿಗೆ ಬೇಕಾಗಿರುವುದು ಹಾಲಲ್ಲ, ಹೊರಡಲು ಒಂದು ಕಾರಣ.

ಪತ್ತನಾಜೆ ಕಳೆದ ಮೇಲೆ

ಈ ಐದನ್ನೂ ಸಂಬಳ ಇಲ್ಲದೆ ಕೊಡುವ ವ್ಯವಸ್ಥೆ ನಮ್ಮ ಊರಿನಲ್ಲೇ ಇದೆ. ನಾವು ಅದನ್ನು ಹಾಗೆ ನೋಡಿಲ್ಲ, ಅಷ್ಟೇ.

ಮೇ ಕೊನೆಯಲ್ಲಿ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಗೆಜ್ಜೆ ಬಿಚ್ಚುತ್ತಾರೆ. ಮಳೆ ಹಿಡಿಯುತ್ತದೆ. ಆಗ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ದೇವಸ್ಥಾನದ ಸಭಾಭವನದಲ್ಲೋ ಯಾರದೋ ಮನೆ ಚಾವಡಿಯಲ್ಲೋ ಭಾಗವತರು ನಡುವೆ, ಅವರ ಪಕ್ಕ ಚೆಂಡೆ-ಮದ್ದಳೆಯವರು, ಎರಡೂ ಕಡೆ ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರು. ಭಾಗವತರು ಒಂದು ಪದ್ಯ ಹೇಳುತ್ತಾರೆ. ವಾಲಿ ಬಿದ್ದಿದ್ದಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಕೇಳುತ್ತಿದ್ದಾನೆ. ಪದ್ಯ ನಾಲ್ಕು ಸಾಲು. ಅದರ ಮೇಲೆ ವಾಲಿಯ ಅರ್ಥಧಾರಿ ಇಪ್ಪತ್ತು ನಿಮಿಷ ವಾದ ಮಾಡುತ್ತಾರೆ. ಬರೆದ ಸಂಭಾಷಣೆ ಇಲ್ಲ, ಎಲ್ಲ ಅಲ್ಲೇ ಹುಟ್ಟಬೇಕು. ಎದುರಿನ ರಾಮನಿಗೆ ಅದರಲ್ಲಿ ಒಂದು ಸಡಿಲು ಎಳೆ ಸಿಕ್ಕಿದರೆ ಹಿಡಿದು ಜಗ್ಗುತ್ತಾರೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೈಕ್ ಇದ್ದರೂ ಗಂಟಲು ಎತ್ತಬೇಕು. ಮುಂದಿನ ಸಾಲಿನಲ್ಲಿ ಕೂತ ಅಜ್ಜಂದಿರಿಗೆ ಪುರಾಣ ಬಾಯಿಪಾಠ, ಒಂದು ಹೆಸರು ತಪ್ಪಿದರೂ ತಲೆ ಅಲ್ಲಾಡುತ್ತದೆ.

ಆ ವಾಲಿ ಹಗಲು ಹೊತ್ತು ಶಾಲೆಯಲ್ಲಿ ಪಾಠ ಹೇಳುವವರು. ರಾಮ ವಕೀಲರು. ಮದ್ದಳೆಯವರದ್ದು ದಿನಸಿ ಅಂಗಡಿ. ಮೇಳದ ಕಲಾವಿದರಿಗೆ ಇದು ವೃತ್ತಿ. ಈ ಹವ್ಯಾಸಿ ತಂಡಗಳವರಿಗೆ ಹೆಚ್ಚೆಂದರೆ ಹೋಗಿಬರುವ ಖರ್ಚು, ಒಂದು ಊಟ, ಒಂದು ಶಾಲು. ಹಾಗಿದ್ದರೂ ಹದಿನೈದು ದಿನ ಮೊದಲೇ ಪ್ರಸಂಗ ಓದಿಕೊಳ್ಳುತ್ತಾರೆ.

ಯಹೋದಾ ಹೇಳಿದ ಐದನ್ನು ಇಲ್ಲಿ ಇಟ್ಟು ನೋಡಿ. ಇಂಥ ದಿನ, ಇಂಥ ಹೊತ್ತಿಗೆ ಬರಬೇಕು ಅನ್ನುವ ಗೊತ್ತು ಇದೆ. ಒಡನಾಟ ಇದೆ. ಒಬ್ಬರೇ ಕೂತು ತಾಳಮದ್ದಳೆ ಮಾಡಲಾಗುವುದಿಲ್ಲ, ಹಾಗಾಗಿ ಕೂಡಿ ಮಾಡುವ ಉದ್ದೇಶ ಇದೆ. “ಅವರು ಒಳ್ಳೆ ಅರ್ಥ ಹೇಳ್ತಾರೆ” ಅನ್ನುವ ಗುರುತು ಇದೆ. ತಯಾರಿ ಮಾಡಲೇಬೇಕಾದ ಒತ್ತಾಯ ಇದೆ. ಭಜನಾ ಮಂಡಳಿ, ಯುವಕ ಮಂಡಲ, ಚರ್ಚಿನ ಗಾಯನ ತಂಡ, ಊರಿನ ಕ್ರಿಕೆಟ್ ಟೀಮು ಇವೆಲ್ಲ ಇದೇ ಕೆಲಸ ಮಾಡುತ್ತವೆ.

ಮಲ್ಪೆ ಬಂದರಿನಲ್ಲೂ ಇದಕ್ಕೆ ಹತ್ತಿರದ್ದು ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮರಿ ಮಾಡುವ ಕಾಲ ಅಂತ ಸರ್ಕಾರ ಹಾಕಿದ ನಿಷೇಧ ಅದು. ಬೋಟುಗಳು ಸಾಲಾಗಿ ನಿಂತಿರುತ್ತವೆ. ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಉಳಿದವರು ಶೆಡ್ಡಿನಲ್ಲಿ ಕೂತು ಬಲೆಯ ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಾರೆ, ಇಂಜಿನ್ ಬಿಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ. ರಜೆಗೂ ಒಂದು ಕೊನೆ ದಿನ ಇದೆ, ಅಷ್ಟರೊಳಗೆ ಮುಗಿಸಬೇಕಾದ ಕೆಲಸ ಇದೆ. ಮಾರಿಯೆಂಟಾಲಿನ ಗಂಡಸರಿಗೆ ಇಲ್ಲದೇ ಹೋದದ್ದು ಇದು.

ದುಡ್ಡು ಬಂದರೆ ಸಮಯ ಬರುತ್ತದಾ?

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಒಂದು ಊಹೆ ಮಾಡಿದ್ದರು. ಇನ್ನು ನೂರು ವರ್ಷಕ್ಕೆ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರುತ್ತದೆ, ಆಗ ವಾರಕ್ಕೆ 15 ಗಂಟೆ ದುಡಿದರೆ ಸಾಕು ಅಂದಿದ್ದರು. ಆ ನೂರು ವರ್ಷ 2030ಕ್ಕೆ ತುಂಬುತ್ತದೆ. ಜೀವನಮಟ್ಟದ ಊಹೆ ನಿಜವಾಯಿತು. 15 ಗಂಟೆಯದ್ದು ಆಗಲಿಲ್ಲ. ಗಳಿಕೆ ಏರಿದಂತೆ ಜನ ಸಮಯಕ್ಕಿಂತ ಹೆಚ್ಚು ವಸ್ತುಗಳನ್ನು ಕೊಂಡರು. 40 ಸಾವಿರದಲ್ಲಿ ನಡೆಯುತ್ತಿದ್ದ ಮನೆಗೆ 80 ಸಾವಿರ ಬೇಕಾದರೆ ಇಡುಗಂಟೂ ದುಪ್ಪಟ್ಟು ಬೇಕು, ಅದಕ್ಕೆ ದುಡಿಯುವ ವರ್ಷಗಳೂ ಜಾಸ್ತಿ ಬೇಕು.

ಸಮಯದ ಲೆಕ್ಕದಲ್ಲಿ ಇನ್ನೂ ದೊಡ್ಡ ಅಸಮಾನತೆ ಮನೆಯೊಳಗೇ ಇದೆ. ದೇಶದಲ್ಲಿ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ನೂರರಲ್ಲಿ 81 ಹೆಂಗಸರು ತೊಡಗಿದ್ದರೆ ಗಂಡಸರು 26. ಮಾಡುವವರನ್ನೇ ತಗೊಂಡರೂ ಹೆಂಗಸರದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದ್ದು 97 ನಿಮಿಷ.

ಅಂದರೆ ಸುಮಾರು ಐದು ಗಂಟೆ. ಗಂಡ ನಿವೃತ್ತರಾದ ದಿನ ಹೆಂಡತಿಗೆ ಆ ಐದು ಗಂಟೆಯಿಂದ ನಿವೃತ್ತಿ ಸಿಗುವುದಿಲ್ಲ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು, ನಾಲ್ಕು ಗಂಟೆಗೆ ಚಾ. ಈಗ ಮಧ್ಯಾಹ್ನದ ಊಟಕ್ಕೆ ಒಂದು ತಟ್ಟೆ ಜಾಸ್ತಿ. “ನಿಮಗೆ ದುಡ್ಡಿನ ಚಿಂತೆ ಇಲ್ಲದಿದ್ದರೆ ಏನು ಮಾಡುತ್ತೀರಿ?” ಅಂತ ಆಕೆಯನ್ನು ಕೇಳಿದರೆ ಸರಿಯಾದ ಉತ್ತರ ಬರುವುದು, ಮೊದಲು ಆ 299 ನಿಮಿಷ ಯಾರು ಹಂಚಿಕೊಳ್ಳುತ್ತಾರೆ ಅಂತ ಗೊತ್ತಾದ ಮೇಲೆ. ಬೇಗ ನಿವೃತ್ತಿಯ ಲೆಕ್ಕ ಹೇಳಿಕೊಡುವವರು ಇದನ್ನು ಒಂದು ಸಾಲಿನಲ್ಲೂ ಸೇರಿಸುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಒಂದು ಬುಧವಾರ ಬರೆದು ನೋಡುವುದು

ಈಗ ನೀವೇ ಮಾಡಿ ನೋಡಬಹುದಾದ್ದು. ಭಾನುವಾರ ಬೇಡ, ಹಬ್ಬ ಬೇಡ, ಪ್ರವಾಸ ಬೇಡ. ದುಡ್ಡಿನ ಚಿಂತೆ ಮುಗಿದು ಎರಡು ವರ್ಷ ಆಗಿದೆ ಅಂದುಕೊಂಡು ಒಂದು ಮಾಮೂಲಿ ಬುಧವಾರವನ್ನು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆ ಗಂಟೆಯಾಗಿ ಬರೆಯಿರಿ. ಬುಧವಾರವೇ ಯಾಕೆ? ವರ್ಷದಲ್ಲಿ ಜಾಸ್ತಿ ಇರುವುದು ಅಂಥ ದಿನಗಳೇ. ಎರಡು ವರ್ಷ ಯಾಕೆ? ಅಷ್ಟರಲ್ಲಿ ಕಾರು, ಟೂರು, ಹೊಸ ಮನೆಯ ಹುರುಪು ಮುಗಿದಿರುತ್ತದೆ.

ಹೆಚ್ಚಿನವರಿಗೆ ಹತ್ತೂವರೆ ತನಕ ಬರೆಯುವುದು ಸುಲಭ. ವಾಕಿಂಗ್, ಪೇಪರ್, ತಿಂಡಿ, ಗಿಡಕ್ಕೆ ನೀರು. ಹತ್ತೂವರೆಯಿಂದ ಸಂಜೆ ಐದರ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗದಲ್ಲಿ ಬರೆದ ಪ್ರತಿಯೊಂದರ ಎದುರು ಮೂರು ವಿಷಯ ಗುರುತು ಹಾಕಿಕೊಳ್ಳಿ. ಇದಕ್ಕೆ ತಿಂಗಳಿಗೆ ಎಷ್ಟು ಖರ್ಚು? ಜೊತೆಗೆ ಯಾರಿರುತ್ತಾರೆ? ಇದು ಈಗಾಗಲೇ ನನಗೆ ಬರುತ್ತದಾ, ಕಲಿಯಬೇಕಾ?

ಚೆಂಡೆ ಕಲಿಯುವುದು, ತರಕಾರಿ ಬೆಳೆಸುವುದು, ಸರ್ಕಾರಿ ಶಾಲೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಅಮ್ಮನ ಜೊತೆ ಕೂತು ಹಳೇ ಪಾಡ್ದನ (ತುಳು ಜನಪದ ಹಾಡು) ರೆಕಾರ್ಡ್ ಮಾಡಿಕೊಳ್ಳುವುದು. ಇಂಥವಕ್ಕೆ ಖರ್ಚಿನ ಕಾಲಂನಲ್ಲಿ ಸಣ್ಣ ಅಂಕಿ ಬರುತ್ತದೆ, ಕೆಲವಕ್ಕೆ ಸೊನ್ನೆ. ಹಾಗೆ ಬಂದವನ್ನು ಕೋಟಿ ಸೇರುವವರೆಗೆ ಕಾಯಿಸಬೇಕಾಗಿಲ್ಲ, ವಾರಕ್ಕೆ ಎರಡು ಗಂಟೆಯಿಂದ ಈಗಲೇ ಶುರು ಮಾಡಬಹುದು. ಕಲಿಯಬೇಕಾದದ್ದನ್ನಂತೂ ಬೇಗ ಶುರು ಮಾಡುವುದೇ ಒಳ್ಳೆಯದು. ಅರವತ್ತಕ್ಕೆ ಮೊದಲ ಸಲ ಚೆಂಡೆಯ ಕೋಲು ಹಿಡಿದರೆ ಮಣಿಕಟ್ಟು ಬಗ್ಗುವುದು ನಿಧಾನ. ಅಮ್ಮನ ಪಾಡ್ದನ ಅಷ್ಟು ವರ್ಷ ಕಾಯುವುದೂ ಇಲ್ಲ. ತೋಟ ಕೊಳ್ಳುವುದು, ಹೋಮ್‌ಸ್ಟೇ ಮಾಡುವುದು ಇಂಥವಕ್ಕೆ ದೊಡ್ಡ ಅಂಕಿ ಬರುತ್ತದೆ. ಅವು ಮೇಲೆ ಹೇಳಿದ 33 ಪಟ್ಟಿನ ಲೆಕ್ಕಕ್ಕೆ ಸೇರಬೇಕು.

ಕೆಲಸ ಬಿಡುವ ಯೋಚನೆ ನಿಜವಾಗಿಯೂ ಇದ್ದರೆ, ಆ ಬುಧವಾರವನ್ನು ಮೊದಲು ರಜೆ ಹಾಕಿ ಬದುಕಿ ನೋಡಿ. ಒಂದು ವಾರ ಸಾಲದು, ಅದು ವಿಶ್ರಾಂತಿಯಲ್ಲೇ ಕಳೆಯುತ್ತದೆ. ಮೂರು, ನಾಲ್ಕು ವಾರ ಸಿಕ್ಕಿದರೆ ಖಾಲಿ ಮಧ್ಯಾಹ್ನಗಳು ಹೇಗಿರುತ್ತವೆ ಅಂತ ತಿಳಿಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ನೋಡುವುದು ಇನ್ನೂ ಒಳ್ಳೆಯದು. ಹೊರಗೆ ಹೋಗಲಾಗದ ದಿನಗಳೂ ಲೆಕ್ಕಕ್ಕೆ ಸಿಗುತ್ತವೆ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತದ್ದೊಂದನ್ನು ಕೆಲಸ ಇರುವಾಗಲೇ, ವಯಸ್ಸು ಕಮ್ಮಿ ಇರುವಾಗಲೇ ಮಾಡಿಸಿಕೊಂಡರೆ ಕಂತೂ ಕಮ್ಮಿ, ಹಳೇ ಕಾಯಿಲೆಗಳಿಗೆ ಇರುವ ಕಾಯುವ ಅವಧಿಯೂ ಅಷ್ಟರಲ್ಲಿ ಕಳೆದಿರುತ್ತದೆ.

ಗಂಡ-ಹೆಂಡತಿ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದ್ದು ಒಬ್ಬರು ನೋಡದೆ ಬರೆಯಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರ ಬುಧವಾರದಲ್ಲಿ ಇನ್ನೊಬ್ಬರು ಮಾಡಿ ಬಡಿಸಿದ ಊಟ ಎಷ್ಟು ಇದೆ, ಯಾವ ಹೊತ್ತು ಇಬ್ಬರದ್ದೂ ಒಟ್ಟಿಗಿದೆ, ಯಾವುದು ಬೇರೆ ಬೇರೆ ಅನ್ನುವುದು ಗೊತ್ತಾಗುತ್ತದೆ. ಆ ಎರಡು ಹಾಳೆಗಳನ್ನು ಹೊಂದಿಸಿಕೊಂಡ ಮೇಲೆ ತಿಂಗಳ ಖರ್ಚು ಕೂಡಿ, 12ರಿಂದ, ಆಮೇಲೆ 33ರಿಂದ ಗುಣಿಸಿ. ನಿಮ್ಮ ಮನೆಗೆ ಬೇಕಾದ ಇಡುಗಂಟು ಅದು. ವರ್ಷಕ್ಕೊಮ್ಮೆ, ಯುಗಾದಿಗೋ ಬಿಸುವಿಗೋ, ಹೊಸ ಬೆಲೆಗಳನ್ನು ಹಾಕಿ ಅದನ್ನು ತಿದ್ದುತ್ತಾ ಹೋಗಬೇಕು.